ದಿಬ್ಬಣದ ಗಾಡಿಯನ್ನು ಎತ್ತರಿಸಿದ ಪ್ರಸಂಗ

ಯಂತ್ರಗಳ ವಿಷಯದಲ್ಲಿ ನನಗೆ ಹುಟ್ಟಿನಿಂದಲೇ ಒಂದು ಕೈಗುಣವಿದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಈ ನಂಬಿಕೆಗೆ ಆಧಾರವಿಲ್ಲದೆ ಇರಲಿಲ್ಲ. ನಮ್ಮ ಮನೆಯ ಅಲಾರಂ ಗಡಿಯಾರ ನಿಂತುಹೋದಾಗ ಅದನ್ನು ಬಿಚ್ಚಿ ಜೋಡಿಸಿ ನಡೆಯುವಂತೆ ಮಾಡಿದವನು ನಾನೇ. ಜೋಡಿಸಿದ ಮೇಲೆ ಒಂದೆರಡು ಹಲ್ಲುಚಕ್ರ ಉಳಿದವು, ನಿಜ. ಆದರೂ ಗಡಿಯಾರ ನಡೆಯಿತು. ಸ್ವಲ್ಪ ಅವಸರದಿಂದ ನಡೆಯಿತು, ಅಷ್ಟೆ. ಅದನ್ನು ನಂಬಿ ನಾನು ಕೆಲವು ದಿನ ಫೋರ್ಟಿನ ನಮ್ಮ ಆಫೀಸಿಗೆ ಕಸ ಗುಡಿಸುವವನಿಗಿಂತ ಮೊದಲೇ ತಲುಪಿ, ಮ್ಯಾನೇಜರರ ಮೆಚ್ಚುಗೆಗೂ ಪಾತ್ರನಾದೆ. ಇಂಥ ಅನುಭವಸ್ಥ ಗುಮಾಸ್ತನೊಬ್ಬ ಮಿಲಿಟರಿಯವರು ಹರಾಜು ಹಾಕಿದ ಹಳೆಯ ಪಿಕಪ್ ಗಾಡಿಯೊಂದನ್ನು ಅಗ್ಗದಲ್ಲಿ ಕೊಂಡರೆ ಅದರಲ್ಲಿ ತಪ್ಪೇನು?

ನನ್ನ ಹೆಂಡತಿ ಶಾರದೆಗೆ ತಪ್ಪು ಕಂಡಿತು. ವಡಾಲದ ನಮ್ಮ ಕಾಲೊನಿಯ ಅಂಗಳಕ್ಕೆ ಗಾಡಿಯನ್ನು ಲಾರಿಯೊಂದಕ್ಕೆ ಕಟ್ಟಿ ಎಳೆದು ತಂದ ಸಂಜೆ ಅವಳು ಕೆಳಗಿಳಿದು ಬಂದು ಅದಕ್ಕೊಂದು ಪ್ರದಕ್ಷಿಣೆ ಹಾಕಿದಳು. ಒಂದು ಬದಿಯ ಬಾಗಿಲನ್ನು ತೆಂಗಿನ ನಾರಿನ ಹಗ್ಗದಿಂದ ಬಿಗಿದಿತ್ತು. ಇನ್ನೊಂದು ಬದಿಗೆ ಆ ಕಷ್ಟವಿರಲಿಲ್ಲ. ಅಲ್ಲಿ ಬಾಗಿಲೇ ಇರಲಿಲ್ಲ. ಡ್ರೈವರ್ ಕಾಲಿಡುವಲ್ಲಿ ತೂತು ಬಿದ್ದು ಕೆಳಗಿನ ನೆಲ ಕಾಣುತ್ತಿತ್ತು.

“ಇದು ಯಾವ ಯುದ್ಧದಲ್ಲಿ ಸತ್ತದ್ದು?” ಎಂದು ಕೇಳಿದಳು.

ನಾನು ಕೋಪಿಸಿಕೊಳ್ಳಲಿಲ್ಲ. ಇದು ಫೋರ್ ವೀಲ್ ಡ್ರೈವ್ ಗಾಡಿಯೆಂದು ಸಮಾಧಾನದಿಂದ ವಿವರಿಸಿದೆ. ಬೇರೆ ಗಾಡಿಗಳಲ್ಲಿ ಎಂಜಿನ್ ಹಿಂದಿನ ಎರಡು ಚಕ್ರಗಳನ್ನು ಮಾತ್ರ ತಿರುಗಿಸುತ್ತದೆ. ಇದರಲ್ಲಿ ಗೇರಿನ ಪಕ್ಕ ಇನ್ನೊಂದು ಚಿಕ್ಕ ಹಿಡಿ ಇದೆ. ಅದನ್ನು ಎಳೆದರೆ ಮುಂದಿನ ಎರಡು ಚಕ್ರಗಳೂ ಕೆಲಸಕ್ಕೆ ಹಾಜರಾಗುತ್ತವೆ. ಕೆಸರಿರಲಿ, ನೀರಿರಲಿ, ಗಾಡಿ ನಿಲ್ಲುವ ಮಾತೇ ಇಲ್ಲ. ಅದೂ ಅಲ್ಲದೆ ನಾನು ಇದನ್ನು ಕೊಂಡದ್ದು ನನ್ನ ಸುಖಕ್ಕಲ್ಲ, ಅವಳ ಅಣ್ಣನಿಗಾಗಿ ಎಂದೆ. ಅಣ್ಣನ ಹೆಸರು ಬಂದ ಕೂಡಲೇ ಶಾರದೆ ಮತ್ತಷ್ಟು ಗಾಬರಿಯಾದಳು.

ಅವಳ ಅಣ್ಣ ವಾಸುದೇವ ಭಾವ ಮಾಟುಂಗದಲ್ಲಿ ಒಂದು ಉಡುಪಿ ಹೋಟೆಲ್ ನಡೆಸುತ್ತಿದ್ದರು. ಮಳೆಗಾಲ ಬಂತೆಂದರೆ ಅವರ ಬೀದಿಯ ಕಡೆ ಹೋಗುವ ಸರ್ಕಲ್ಲು ಕೆರೆಯಾಗುತ್ತಿತ್ತು. ಟ್ಯಾಕ್ಸಿಯವರು ದೂರದಿಂದಲೇ ಕೈಮುಗಿಯುತ್ತಿದ್ದರು. ತರಕಾರಿ ಕೈಗಾಡಿಯಲ್ಲಿ ತೇಲುತ್ತ ಮುಳುಗುತ್ತ ಮಧ್ಯಾಹ್ನಕ್ಕೆ ಬರುತ್ತಿತ್ತು. ಅಂಥ ದಿನ ಭಾವನ ಸಾಂಬಾರಿಗೆ ಸಕಾಲಕ್ಕೆ ಬಂದು ಸೇರುತ್ತಿದ್ದದ್ದು ನೀರೊಂದೇ. ನನ್ನ ಗಾಡಿ ಈ ಸಂಕಟವನ್ನು ಪರಿಹರಿಸಬೇಕಾಗಿತ್ತು.

ಅಷ್ಟರಲ್ಲಿ ಭಾವನ ಒಬ್ಬಳೇ ಮಗಳು ವಸಂತಿಯ ಮದುವೆ ನಿಶ್ಚಯವಾಯಿತು. ನಮಗೆ ಮಕ್ಕಳಿಲ್ಲ. ವಸಂತಿ ಚಿಕ್ಕವಳಿರುವಾಗ ಭಾನುವಾರ ನನ್ನ ಬೆರಳು ಹಿಡಿದು ಪಾರ್ಕಿಗೆ ಬರುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ನಂಬುತ್ತಿದ್ದ ಜೀವ ಜಗತ್ತಿನಲ್ಲಿ ಅವಳೊಬ್ಬಳೇ. ಮದುವೆ ಜೂನಿನಲ್ಲಿ, ಆಷಾಢ ಹುಟ್ಟುವುದಕ್ಕೆ ಮುಂಚೆ, ಮಾಟುಂಗದ ಒಂದು ಮದುವೆ ಹಾಲಿನಲ್ಲಿ. ಹತ್ತೂವರೆಗೆ ಧಾರೆ ಮುಹೂರ್ತ. ಅದು ತಪ್ಪಿದರೆ ಇನ್ನು ಶ್ರಾವಣಕ್ಕೇ ಎಂದು ಪುರೋಹಿತರು ಖಂಡಿತವಾಗಿ ಹೇಳಿದ್ದರು. ಉಡುಪಿ ಕಡೆಯಿಂದ ಬರುವ ಗಂಡಿನವರು ವಡಾಲದಲ್ಲಿ, ನಮ್ಮ ಕಾಲೊನಿಯ ಹಿಂದಿನ ಬಿಲ್ಡಿಂಗಿನಲ್ಲಿದ್ದ ಅವರ ನೆಂಟರ ಮನೆಯಲ್ಲಿ ಇಳಿದುಕೊಳ್ಳುವುದೆಂದಾಯಿತು. ಅಲ್ಲಿಂದ ಹಾಲಿಗೆ ದಿಬ್ಬಣ ಬರಬೇಕು. ಭಾವ ನಾಲ್ಕು ಟ್ಯಾಕ್ಸಿ ಗೊತ್ತುಮಾಡಿ ಬಂದಿದ್ದರು.

ನಾನು ಬಿಡಲಿಲ್ಲ. ಜೂನ್ ತಿಂಗಳ ಮಳೆಯನ್ನು ಟ್ಯಾಕ್ಸಿಯ ಕೈಗೆ ಒಪ್ಪಿಸುವುದುಂಟೇ ಎಂದು ದೀರ್ಘ ಭಾಷಣ ಮಾಡಿದೆ. ದಿಬ್ಬಣ ನನ್ನ ಗಾಡಿಯಲ್ಲೇ ಬರುತ್ತದೆ, ಸಮುದ್ರ ಉಕ್ಕಿದರೂ ಬರುತ್ತದೆ ಎಂದೆ. ಭಾವ ಕಡಿಮೆ ಮಾತಿನವರು. “ಆಯ್ತು ಭಾವ. ಮಗಳ ಮದುವೆ. ನಿಮ್ಮ ಮೇಲೆ ಬಿಟ್ಟಿದ್ದೇನೆ” ಎಂದರು. ಮಾರನೆಯ ದಿನ ಟ್ಯಾಕ್ಸಿಯವರಿಗೆ ಬೇಡವೆಂದು ಹೇಳಿಬಿಟ್ಟರು.

ಇಲ್ಲಿಗೆ ನಿಲ್ಲಿಸಿದ್ದರೆ ಸಾಕಾಗಿತ್ತು. ಎಂಜಿನ್ ರಿಪೇರಿಯಾಗಿ ಗುರ್ ಎನ್ನುತ್ತಿತ್ತು. ಬಾಗಿಲಿಲ್ಲದ ಕಡೆ ಬಾಗಿಲು ಬಂದಿತ್ತು. ನೆಲದ ತೂತಿಗೆ ಎಣ್ಣೆ ಡಬ್ಬಿಯ ತಗಡು ಬಡಿದಾಗಿತ್ತು. ಆದರೆ ಸುಮ್ಮನಿರಲಾರದವನು ಇರುವೆ ಬಿಟ್ಟುಕೊಂಡನಂತೆ, ನನಗೆ ಒಂದು ಯೋಚನೆ ಬಂತು. ಸರ್ಕಲ್ಲಿನಲ್ಲಿ ನೀರು ಮೊಣಕಾಲ ಮೇಲೆ ಬಂದರೆ? ಎಂಜಿನ್ನಿಗೆ ನೀರು ಹೊಕ್ಕರೆ? ಇದಕ್ಕಿರುವ ವೈಜ್ಞಾನಿಕ ಪರಿಹಾರ ಒಂದೇ. ಗಾಡಿಯನ್ನು ಎತ್ತರಿಸಬೇಕು!

ಈ ಕೆಲಸಕ್ಕೆ ನನ್ನ ಜೊತೆಯಾದವನು ಬಿಜಾಪುರದ ಕಡೆಯ ಬಸಪ್ಪ. ನಮ್ಮ ಕಾಲೊನಿಯ ಪಕ್ಕ ಏಳುತ್ತಿದ್ದ ಕಟ್ಟಡದಲ್ಲಿ ಕಾಂಕ್ರೀಟ್ ಮಿಕ್ಸರ್ ನೋಡಿಕೊಳ್ಳುತ್ತಿದ್ದ. ಕೈಯಲ್ಲಿ ಸದಾ ಸ್ಪ್ಯಾನರ್ ಇರುತ್ತಿದ್ದುದರಿಂದ ನಾನು ಅವನನ್ನು ಮೆಕ್ಯಾನಿಕ್ ಎಂದು ತಿಳಿದೆ. ನಾನು ಫೋರ್ಟಿನಿಂದ ಕನ್ನಡಕ ಹಾಕಿಕೊಂಡು ಬರುತ್ತಿದ್ದುದರಿಂದ ಅವನು ನನ್ನನ್ನು ಇಂಜಿನಿಯರ್ ಎಂದು ತಿಳಿದ. ಹೀಗೆ ಪರಸ್ಪರ ಗೌರವದಿಂದ ಕೆಲಸ ಆರಂಭವಾಯಿತು. ನಾನು ಏನು ಹೇಳಿದರೂ ಅವನ ಉತ್ತರ ಒಂದೇ, “ಯಾಕಾಗೂದಿಲ್ರಿ, ಮಾಡೂಣು.” ಇಷ್ಟು ಸಹಕಾರ ನನಗೆ ಮನೆಯಲ್ಲಿ ಎಂದೂ ಸಿಕ್ಕಿರಲಿಲ್ಲ.

ಮುಂಭಾಗವನ್ನು ಎತ್ತರಿಸಲು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಗಳನ್ನು ತಂದು ಗಾಡಿಯ ಸ್ಪ್ರಿಂಗಿಗೆ ಸೇರಿಸಿದೆವು. ಮೂತಿ ಎದ್ದಿತು. ಗಾಡಿ ಆಕಾಶ ನೋಡತೊಡಗಿತು. ಇನ್ನು ಹಿಂಭಾಗ. ಹಿಂದಿನ ಎರಡು ಚಕ್ರಗಳ ನಡುವೆ ಆಕ್ಸಲ್ ಎಂಬ ದಪ್ಪ ಕಬ್ಬಿಣದ ದಿಂಡು ಇರುತ್ತದೆ. ನಮ್ಮ ಗಾಡಿಯಲ್ಲಿ ಸ್ಪ್ರಿಂಗು ಕೂರುವ ಪೀಠ ಆ ದಿಂಡಿನ ಕೆಳಮೈಯಲ್ಲಿತ್ತು. ಅದು ಮೇಲ್ಮೈಗೆ ಬಂದರೆ ಗಾಡಿ ತಾನಾಗಿ ಎತ್ತರವಾಗುತ್ತದೆ. ಆದರೆ ಪೀಠವನ್ನು ಕತ್ತರಿಸಿ ಮೇಲೆ ವೆಲ್ಡಿಂಗ್ ಮಾಡಿಸುವುದಕ್ಕೆ ಗ್ಯಾರೇಜಿನವನು ಮದುವೆ ಮುಗಿದ ಮೇಲೆ ಬನ್ನಿ ಎಂದ. ಆಗ, ಒಂದು ಬೆಳಿಗ್ಗೆ ಶಾರದೆ ದೋಸೆ ಹೊಯ್ಯುವುದನ್ನು ನೋಡುತ್ತ ಕೂತಿದ್ದಾಗ, ನನಗೆ ಉತ್ತರ ಹೊಳೆಯಿತು. ಪೀಠವನ್ನು ಯಾಕೆ ಕತ್ತರಿಸಬೇಕು? ಇಡೀ ಆಕ್ಸಲನ್ನೇ ಮಗುಚಿ ಹಾಕಿದರೆ ಕೆಳಗಿನದು ಮೇಲೆ ಬರುವುದಿಲ್ಲವೇ?

ಎದ್ದು ಓಡಿದೆ. ಬಸಪ್ಪ ತಲೆ ಕೆರೆದುಕೊಂಡ. ಒಳಗೆ ಹಲ್ಲುಚಕ್ರ ಇರುತ್ತದಲ್ಲ, ತಿರುವುಮುರುವು ಆದರೆ ಏನಾದರೂ ಆದೀತೇ ಎಂದು ನಾನೇ ಒಮ್ಮೆ ಸಂದೇಹಿಸಿದೆ. ಅವನು ಧೈರ್ಯ ಹೇಳಿದ.

“ನಮ್ಮ ಮಿಕ್ಸರ್ ಯಾವ ಕಡೆ ತಿರುಗಿದ್ರೂ ಕಾಂಕ್ರೀಟ್ ಕಾಂಕ್ರೀಟೇ ಆಗ್ತೈತ್ರಿ ಸಾಹೇಬ್ರ. ಮಗುಚೂಣು.”

ಮಗುಚಿದೆವು. ಎಡಗಡೆಯದು ಬಲಕ್ಕೆ, ಮೇಲಿನದು ಕೆಳಕ್ಕೆ. ಹೇಳುವಾಗ ಒಂದು ಮಾತು, ಮಾಡುವಾಗ ವಾರಗಟ್ಟಲೆ ಹಿಡಿಯಿತು. ಗಾಡಿ ಇಟ್ಟಿಗೆಗಳ ಮೇಲೆ ನಿಂತೇ ಇತ್ತು. ಆಫೀಸಿನಿಂದ ಬಂದವನೇ ನಾನು ಅದರಡಿ ತೂರಿಕೊಳ್ಳುತ್ತಿದ್ದೆ. ನನ್ನನ್ನು ಹುಡುಕಿ ಬಂದವರಿಗೆ ಶಾರದೆ ಗ್ಯಾಲರಿಯಿಂದಲೇ, “ಅಲ್ಲಿ ಎರಡು ಕಾಲು ಕಾಣ್ತದಲ್ಲ, ಅವರೇ” ಎಂದು ನನ್ನ ಪರಿಚಯ ಮಾಡಿಕೊಡುತ್ತಿದ್ದಳು. ಒಗೆದರೂ ಹೋಗದ ಗ್ರೀಸಿನ ಅಂಗಿಗಳನ್ನು ಅವಳು ಒಗೆಯುವುದನ್ನೇ ಬಿಟ್ಟಳು. ಮದುವೆಯ ಹಿಂದಿನ ದಿನ ಸಂಜೆ ಕೊನೆಯ ಬೋಲ್ಟ್ ಬಿಗಿದು ಇಟ್ಟಿಗೆ ತೆಗೆದಾಗ ಗಾಡಿ ಎಷ್ಟು ಎತ್ತರವಾಗಿತ್ತೆಂದರೆ, ನಾನು ಅಡುಗೆಮನೆಯ ಸ್ಟೂಲಿಲ್ಲದೆ ಹತ್ತಲಾರದಾದೆ. ಸೀಟಿನಲ್ಲಿ ಕೂತರೆ ಮೊದಲ ಮಾಳಿಗೆಯ ದೇಶಪಾಂಡೆಯವರ ಅಡುಗೆಮನೆ ನೇರವಾಗಿ ಕಾಣುತ್ತಿತ್ತು. ದೇಶಪಾಂಡೆ ಬಾಯಿ ಕಿಟಕಿ ಮುಚ್ಚಿಕೊಂಡರು.

ಕಾಲೊನಿಯವರೆಲ್ಲ ಸೇರಿದ್ದರು. ನಾನು ಗಣಪತಿಯನ್ನು ನೆನೆದು, ಫಸ್ಟ್ ಗೇರು ಹಾಕಿ, ಕ್ಲಚ್ ಬಿಟ್ಟೆ. ಗಾಡಿ ಗಂಭೀರವಾಗಿ ಹಿಂದಕ್ಕೆ ಹೋಯಿತು! ಬ್ರೇಕು ಒತ್ತುವುದರೊಳಗೆ ಕಾಲೊನಿಯ ನೀರಿನ ಪೀಪಾಯಿ ಉರುಳಿ, ಬಟ್ಟೆ ಒಣಹಾಕಿದ ಹಗ್ಗ ಹರಿದು, ಯಾರದೋ ಧೋತರ ಗಾಡಿಯ ಬೆನ್ನಿಗೆ ಹೊದಿಕೆಯಾಯಿತು. ಸೆಕೆಂಡ್ ಗೇರಿಗೂ ಹಿಂದಕ್ಕೇ, ಥರ್ಡಿಗೆ ಇನ್ನೂ ಜೋರಾಗಿ ಹಿಂದಕ್ಕೆ. ಕೊನೆಗೆ ರಿವರ್ಸ್ ಹಾಕಿದೆ. ಮುಂದಕ್ಕೆ ಹೋಯಿತು, ಮುದುಕರು ನಡೆಯುವಷ್ಟು ವೇಗದಲ್ಲಿ. ದೋಸೆ ಮಗುಚಿದ ಫಲ! ಒಳಗಿನ ಹಲ್ಲುಚಕ್ರ ತಿರುವುಮುರುವಾಗಿ, ಹಿಂದಕ್ಕೆ ಹೋಗಲು ಮೂರು ಗೇರು, ಮುಂದಕ್ಕೆ ಒಂದೇ ಗೇರು ಇರುವ, ಬಹುಶಃ ಹಿಂದೂಸ್ಥಾನದಲ್ಲೇ ಮೊದಲನೆಯ ಗಾಡಿಯನ್ನು ನಾವು ತಯಾರಿಸಿದ್ದೆವು.

ಶಾರದೆ ಮಾತ್ರ ನಗಲಿಲ್ಲ. “ಈಗಲೇ ಹೋಗಿ ಅಣ್ಣನಿಗೆ ಹೇಳಿ. ಟ್ಯಾಕ್ಸಿ ಮಾಡ್ಲಿ” ಎಂದಳು. ಹೋಗಬೇಕಿತ್ತು. ಆದರೆ ಭಾವನ ಮುಂದೆ ಹೋಗಿ, ನನ್ನ ಗಾಡಿ ಹಿಂದಕ್ಕೆ ಹೋಗುತ್ತದೆ ಎಂದು ಯಾವ ಬಾಯಿಂದ ಹೇಳಲಿ? ವಡಾಲದಿಂದ ಮಾಟುಂಗ ಎಷ್ಟು ದೂರ, ರಿವರ್ಸ್ ಗೇರಿನಲ್ಲೇ ಮೆಲ್ಲಗೆ ಹೋದರಾಯಿತು, ದಿಬ್ಬಣ ಮೆಲ್ಲಗೆ ಹೋಗುವುದೇ ಶೋಭೆ ಎಂದುಬಿಟ್ಟೆ. ಮಾರನೆಯ ದಿನ ಬೆಳಗಾಗುತ್ತಲೇ ಅವಳು ಲೋಕಲ್ ರೈಲು ಹಿಡಿದು ಮದುವೆ ಹಾಲಿಗೆ ಹೋದಳು.

ಅದಾದ ಮೇಲೆ ಮಳೆ ಶುರುವಾಯಿತು. ಹಾರ್ಬರ್ ಲೈನಿನ ಲೋಕಲ್ ರೈಲುಗಳು ನಿಂತವು. ಟ್ಯಾಕ್ಸಿಗಳು ಮಾಯವಾದವು. ಜನ ಆಕಾಶ ನೋಡಿ ಬೈಯುತ್ತಿದ್ದರೆ, ನಾನೊಬ್ಬ ಮಾತ್ರ ಒಳಗೊಳಗೆ ಹಿಗ್ಗಿದೆ. ನಾನು ಹೇಳಿದ್ದೇ ಆಗಿತ್ತಲ್ಲ! ಅಂಗಿ ಪಂಚೆ ಶಲ್ಯ ಧರಿಸಿ ಗಾಡಿಯನ್ನು ಗಂಡಿನವರ ಬಾಗಿಲಿಗೆ ತಂದೆ. ಹಿಂದೆ ಟಾರ್ಪಾಲಿನ ಚಪ್ಪರ, ಮುಂದೆ ಮಾವಿನ ತೋರಣ. ಹತ್ತಲು ಒಂದು ಕುರ್ಚಿ, ಅದರ ಮೇಲೆ ನಮ್ಮ ಸ್ಟೂಲು.

ದಿಬ್ಬಣದ ಯಜಮಾನಿಕೆ ಮದುಮಗನ ಸೋದರತ್ತೆ ಪದ್ಮಾವತಿ ಅಮ್ಮನವರದು. ತಾಯಿಯಿಲ್ಲದ ಹುಡುಗನನ್ನು ಸಾಕಿದವರು. ಶಾಸ್ತ್ರವೆಂದರೆ ಶಾಸ್ತ್ರ. ಅವರನ್ನು ಸ್ಟೂಲಿನ ಮೇಲಿಂದ ಗಾಡಿಯೊಳಕ್ಕೆ ಸೇರಿಸಲು ನಾಲ್ವರು ಬೇಕಾದರು. ಉಳಿದ ನೆಂಟರನ್ನೂ ತುಂಬಿದ ಮೇಲೆ ಮದುಮಗ ನನ್ನ ಪಕ್ಕ ಕೂತ. ಸಾಧು ಹುಡುಗ. ಕೊಡೆಯನ್ನು ಎದೆಗವಚಿಕೊಂಡು ನನ್ನನ್ನು ನೋಡಿ ಮುಗುಳ್ನಕ್ಕ. ನಾನೂ ನಕ್ಕು, ಅಭ್ಯಾಸಬಲದಿಂದ ಫಸ್ಟ್ ಗೇರು ಹಾಕಿದೆ.

ದಿಬ್ಬಣ ಹಿಂದಕ್ಕೆ ಹೋಯಿತು.

“ನಿಲ್ಸಿ” ಎಂದರು ಪದ್ಮಾವತಿ ಅಮ್ಮ. “ಹೊರಟ ದಿಬ್ಬಣ ಹಿಂದೆ ಬರ್ಲಿಕ್ಕಿಲ್ಲ. ಎಲ್ಲರೂ ಇಳೀಬೇಕು. ಒಳಗೆ ಹೋಗಿ ಕೂತು, ನೀರು ಕುಡಿದು, ಮತ್ತೆ ಹೊರಡುವ.”

ಇದು ನಮ್ಮವರಲ್ಲಿ ಎಲ್ಲರಿಗೂ ಗೊತ್ತಿರುವ ಕ್ರಮ. ಶುಭಕಾರ್ಯಕ್ಕೆ ಹೊರಟವರು ಹಿಂದೆ ಬಂದರೆ ಕೂತು ನೀರು ಕುಡಿದೇ ಹೊರಡಬೇಕು. ನೆಲಕ್ಕೆ ಹತ್ತಿರವಿರುವ ಗಾಡಿಯಲ್ಲಿ ಅದೇನು ದೊಡ್ಡ ವಿಷಯವಲ್ಲ. ನಮ್ಮದರಲ್ಲಿ ಸ್ಟೂಲು ಬರಬೇಕು, ಕುರ್ಚಿ ಬರಬೇಕು, ನಾಲ್ವರು ಬರಬೇಕು. ಎಲ್ಲರೂ ಇಳಿದರು. ಕೂತರು. ನೀರು ಕುಡಿದರು. ಹತ್ತಿದರು. ನಾನು ರಿವರ್ಸ್, ರಿವರ್ಸ್ ಎಂದು ಜಪ ಮಾಡುತ್ತ ಕಾಲೊನಿಯ ಗೇಟಿನವರೆಗೆ ಸುಸೂತ್ರವಾಗಿ ತಂದೆ. ಅಲ್ಲಿ ಒಂದು ಎಮ್ಮೆ ಅಡ್ಡ ಬಂತು. ನಿಲ್ಲಿಸಿದೆ. ಎಮ್ಮೆ ಹೋಯಿತು. ನನ್ನ ಕೈ ಮತ್ತೆ ಫಸ್ಟ್ ಗೇರಿಗೆ ಹೋಯಿತು!

ಮತ್ತೆ ಸ್ಟೂಲು. ಮತ್ತೆ ನೀರು. ನೆಂಟರಲ್ಲಿ ಕೆಲವರಿಗೆ ಈಗ ಕುಡಿದ ನೀರಿನ ಕಾರಣಕ್ಕೇ ಪುನಃ ಇಳಿಯಬೇಕಾಯಿತು. ನಾನು ಪಕ್ಕದ ಕಟ್ಟಡಕ್ಕೆ ಓಡಿ ಬಸಪ್ಪನನ್ನು ಕರೆತಂದೆ. ಅವನು ಮದುಮಗನ ಮತ್ತು ನನ್ನ ನಡುವೆ ತೂರಿಕೊಂಡು ಗೇರಿನ ಹಿಡಿಯನ್ನು ಎರಡೂ ಕೈಗಳಿಂದ ಹಿಡಿದು ಕೂತ, ನಾನು ಮುಟ್ಟದಂತೆ. ಮೂರನೆಯ ಸಲ ಹೊರಟಾಗ ಒಂಬತ್ತೂವರೆ ದಾಟಿತ್ತು.

ಗಾಡಿ ಅರಚುತ್ತ, ಹೊಗೆ ಬಿಡುತ್ತ ರಿವರ್ಸಿನಲ್ಲಿ ಮುಂದೆ ಸಾಗಿತು. ಕೊಡೆ ಹಿಡಿದು ನಡೆಯುವವರು ನಮ್ಮನ್ನು ಹಿಂದೆ ಹಾಕಿದರು. ಮದುಮಗ ಒಮ್ಮೆ ಗಡಿಯಾರ ನೋಡಿದ. ಮತ್ತೊಮ್ಮೆ ನೋಡಿದ. ಅಂತೂ ಸರ್ಕಲ್ಲು ಬಂತು. ಸರ್ಕಲ್ಲೆಂದರೆ ನೀರು. ಆಚೆ ದಡದಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಮದುವೆ ಹಾಲಿನ ಬಾಳೆಗಿಡ ಕಾಣುತ್ತಿತ್ತು. ನಿಂತುಹೋದ ಕಾರುಗಳನ್ನು ಎರಡೂ ಬದಿಗೆ ಬಿಟ್ಟು ನನ್ನ ಎತ್ತರದ ಗಾಡಿ ರಾಜಠೀವಿಯಿಂದ ನೀರಿಗಿಳಿಯಿತು. ನಡುನೀರಿನಲ್ಲಿ ಚಕ್ರ ಸ್ವಲ್ಪ ಜಾರಿತು. ನಾನು ಇಷ್ಟು ತಿಂಗಳು ಕಾದದ್ದು ಈ ಗಳಿಗೆಗಾಗಿ. “ಈಗ ನೋಡಿ” ಎಂದು ಮದುಮಗನಿಗೆ ಹೇಳಿ, ಫೋರ್ ವೀಲ್ ಡ್ರೈವಿನ ಚಿಕ್ಕ ಹಿಡಿಯನ್ನು ಎಳೆದೆ.

ಓದುಗರು ದಯವಿಟ್ಟು ಗಮನಿಸಬೇಕು. ನಾವು ಹಿಂದಿನ ಆಕ್ಸಲನ್ನು ಮಗುಚಿದ್ದೆವು. ಮುಂದಿನದನ್ನು ಮಗುಚಿರಲಿಲ್ಲ. ಹಿಂದಿನ ಚಕ್ರಗಳಿಗೆ ರಿವರ್ಸ್ ಎಂದರೆ ಮುಂದಕ್ಕೆ. ಆದರೆ ಈಗಷ್ಟೇ ಕೆಲಸಕ್ಕೆ ಹಾಜರಾದ ಮುಂದಿನ ಚಕ್ರಗಳು ಪ್ರಾಮಾಣಿಕರು. ರಿವರ್ಸ್ ಎಂದರೆ ಹಿಂದಕ್ಕೆ ಎಂದೇ ತಿಳಿದು ಹಿಂದಕ್ಕೆ ಎಳೆದವು! ಹಿಂದಿನವು ಮುಂದಕ್ಕೆ ದೂಡಿದವು. ನಡುವೆ ಸಿಕ್ಕಿದ ಗಾಡಿ ಬೆಕ್ಕಿನಂತೆ ಬೆನ್ನು ಉಬ್ಬಿಸಿ, ಗಡಗಡ ನಡುಗಿ, ಒಳಗೆಲ್ಲೋ ಟಣ್ ಎಂದು ಸದ್ದು ಮಾಡಿ ನಿಂತಿತು.

ಬಸಪ್ಪ ಕೆಳಗೆ ಬಗ್ಗಿ ನೋಡಿದ. “ಸಾಹೇಬ್ರ, ಗಾಡಿ ಎರಡೂ ಕಡೆ ಹೊಂಟೈತ್ರಿ. ಅದಕ್ಕ ಇಲ್ಲೇ ನಿಂತೈತಿ.”

ಹಿಡಿಯನ್ನು ವಾಪಸು ದೂಡಿದೆ. ಬರಲಿಲ್ಲ. ಇಬ್ಬರೂ ಸೇರಿ ಎಳೆದೆವು. ಹಿಡಿ ಬಂತು, ಕೈಗೇ ಬಂತು. ಹಿಂದಿನಿಂದ ಪದ್ಮಾವತಿ ಅಮ್ಮ, ಇದು ಹಿಂದೆ ಬಂದ ಲೆಕ್ಕವೋ ಮುಂದೆ ಹೋದ ಲೆಕ್ಕವೋ ಎಂದು ವಿಚಾರಿಸಿದರು. ನನಗೂ ಗೊತ್ತಿರಲಿಲ್ಲ. ಇಳಿದು ನೀರು ಕುಡಿಯಬೇಕೆನ್ನಲು ಅವರಿಗೂ ಧೈರ್ಯ ಬರಲಿಲ್ಲ, ಸುತ್ತ ಇದ್ದ ನೀರು ಅಂಥದು. ಧಾರೆಗೆ ಮೊದಲು ಮದುಮಗನ ಕಾಲು ಆ ಗಟಾರದ ನೀರಿಗೆ ಸೋಕಕೂಡದು ಎಂದು ಮಾತ್ರ ಕಟ್ಟುನಿಟ್ಟಾಗಿ ಹೇಳಿದರು. ಎದುರಿಗೆ ಹಾಲು. ಅಲ್ಲಿ ನನ್ನ ವಸಂತಿ ತಲೆಗೆ ಹೂ ಮುಡಿದು ಕಾಯುತ್ತಿದ್ದಾಳೆ. ಹತ್ತೂಕಾಲು ಆಗುತ್ತ ಬಂದಿದೆ. ಆಷಾಢ ಕಳೆಯುವವರೆಗೆ ಅವಳ ಮದುವೆ ನಿಂತರೆ ಅದಕ್ಕೆ ನಾನೊಬ್ಬನೇ ಕಾರಣ. ಆ ಗಾಡಿಯ ಮೇಲೆ, ಆ ದೋಸೆಯ ಮೇಲೆ, ನನ್ನ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ ಅಳು ಬಂದಂತಾಯಿತು.

ಆಗ ಭಾವ ಬಂದರು. ರೇಷ್ಮೆ ಪಂಚೆಯನ್ನು ತೊಡೆಯವರೆಗೆ ಎತ್ತಿ ಕಟ್ಟಿ, ಸೊಂಟದ ಹತ್ತಿರದ ನೀರಿನಲ್ಲಿ, ತರಕಾರಿಯ ಕೈಗಾಡಿಯನ್ನು ಇಬ್ಬರು ಕೂಲಿಗಳ ಜೊತೆ ತಾವೇ ದೂಡಿಕೊಂಡು ಬಂದರು. ಕೈಗಾಡಿಯ ಹಲಗೆಯ ಮೇಲೆ ಹೊಸ ಜಮಖಾನ ಹಾಸಿತ್ತು. ಪದ್ಮಾವತಿ ಅಮ್ಮನಿಗೆ ಕೈಮುಗಿದು ಕ್ಷಮೆ ಕೇಳಿದರು. ನನ್ನ ಕಡೆ ನೋಡಲಿಲ್ಲ. ಮದುಮಗನನ್ನು ಕಿಟಕಿಯ ಪಕ್ಕದಿಂದ ಮೆಲ್ಲಗೆ ಜಮಖಾನದ ಮೇಲೆ ಜಾರಿಸಿದೆವು. ನಾನು, ಹಗ್ಗ ಕಟ್ಟಿದರೆ ಗಾಡಿಯನ್ನೂ ಎಳೆಯಬಹುದು ಎಂದು ಹೊಸದೊಂದು ಉಪಾಯ ಹೇಳಹೊರಟೆ.

“ಭಾವ,” ಎಂದರು ಅವರು, ಬಹಳ ಮೆಲ್ಲಗೆ. “ಈಗ ನೀವು ಎಂತದೂ ಮಾಡ್ಬೇಡಿ. ದೂಡಿ.”

ದೂಡಿದೆ. ಶಲ್ಯ ನೀರಿನಲ್ಲಿ ಹೋಯಿತು. ಒಂದು ಚಪ್ಪಲಿ ಹೋಯಿತು. ಎರಡೇ ಚಕ್ರದ, ಎಂಜಿನ್ನಿಲ್ಲದ ಆ ಕೈಗಾಡಿ ಒಮ್ಮೆಯೂ ಹಿಂದೆ ಬಾರದೆ ಹಾಲಿನ ಬಾಗಿಲು ಮುಟ್ಟಿತು. ಎರಡನೆಯ ಸಲಕ್ಕೆ ಅತ್ತೆ, ಮೂರನೆಯ ಸಲಕ್ಕೆ ಉಳಿದವರು. ನಾನು ಹೇಳಿದ ಒಂದು ಮಾತು ಮಾತ್ರ ಅಂದು ನಿಜವಾಯಿತು. ಎಂಜಿನ್ನಿಗೆ ಒಂದು ಹನಿ ನೀರೂ ತಾಗಿರಲಿಲ್ಲ!

ಮುಹೂರ್ತ ತಪ್ಪಲಿಲ್ಲ. ಗಟ್ಟಿಮೇಳ ಕೇಳಿದಾಗ ನಾನು ಹಾಲಿನ ಹಿತ್ತಿಲ ಬಾಗಿಲಲ್ಲಿ, ತೆಂಗಿನಕಾಯಿ ಸಿಪ್ಪೆಗಳ ನಡುವೆ ನಿಂತಿದ್ದೆ. ಗಟಾರದ ನೀರು, ಗ್ರೀಸು ಎರಡೂ ಮೈಗಂಟಿದ ನನ್ನನ್ನು ಮಂಟಪದ ಹತ್ತಿರ ಬಿಡುವಂತಿರಲಿಲ್ಲ. ಬಿಡಿ ಎಂದು ಕೇಳುವ ಮುಖವೂ ನನಗಿರಲಿಲ್ಲ. ಜನರ ತಲೆಗಳ ನಡುವೆ ವಸಂತಿಯ ಜಡೆಯ ತುದಿ ಮಾತ್ರ ಕಂಡಿತು. ಶಾರದೆ ಬಂದು ಒಂದು ಒಣ ಪಂಚೆ ಕೊಟ್ಟಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಸಂಜೆಗೆ ಮಳೆ ನಿಂತಿತು, ನೀರು ಇಳಿಯಿತು. ನನ್ನ ಗಾಡಿ ಸರ್ಕಲ್ಲಿನ ನಡುವೆ ಬಾಡಿದ ತೋರಣದೊಂದಿಗೆ ನಿಂತಿತ್ತು, ಬಸ್ಸುಗಳು ಅದನ್ನು ಸುತ್ತಿ ಹೋಗುತ್ತಿದ್ದವು. ಗಂಡಿನವರು ರಾತ್ರಿಯ ರೈಲಿಗೆ ಊರಿಗೆ ಹೊರಡುವುದಿತ್ತು. ಹೆಣ್ಣನ್ನು ಒಪ್ಪಿಸಿಕೊಡುವ ಹೊತ್ತು. ಎಲ್ಲರ ಕಣ್ಣೂ ಒದ್ದೆ. ಇಡೀ ದಿನ ಗಂಡಿನವರು, ಹೆಣ್ಣಿನವರು, ಅಡುಗೆಯವರು, ಓಲಗದವರು ಎಲ್ಲರೂ ನನಗೆ ಒಂದೊಂದು ಮಾತು ಹೇಳಿಯಾಗಿತ್ತು. ಏನೂ ಹೇಳದಿದ್ದವಳು ವಸಂತಿ ಒಬ್ಬಳೇ. ಅವಳು ಗುಂಪನ್ನು ದಾಟಿ, ಮೂಲೆಯಲ್ಲಿ ನಿಂತಿದ್ದ ನನ್ನನ್ನು ಹುಡುಕಿ ಬಂದು ಕಾಲಿಗೆ ಬಿದ್ದಳು. ನನಗೆ ದುಃಖ ತಡೆಯಲಾಗಲಿಲ್ಲ. ತಲೆಯ ಮೇಲೆ ಕೈಯಿಟ್ಟು, ನೂರು ವರ್ಷ ಸುಖವಾಗಿರು ಮಗಳೇ, ನನ್ನಿಂದ ನಿನಗೆ ಏನಾಗಬೇಕು ಕೇಳು ಎಂದೆ.

ಅವಳು ಎದ್ದು, ಕಣ್ಣೊರೆಸಿಕೊಂಡು, ಚಿಕ್ಕವಳಿರುವಾಗ ಹಿಡಿಯುತ್ತಿದ್ದಂತೆ ನನ್ನ ಬೆರಳು ಹಿಡಿದಳು. ಯಾರಿಗೂ ಕೇಳದಂತೆ ಹೇಳಿದಳು:

“ಮಾವ, ಸ್ಟೇಷನ್ನಿನವರೆಗೆ ನಾವು ನಡ್ಕೊಂಡೇ ಹೋಗ್ತೇವೆ. ನೀವು ಬರುವುದು ಬೇಡ, ಆಯ್ತಾ?”